ಸ್ಲೀವ್ ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ರಾತ್ರಿಯ ಹುಳಿತೇಗಿನ ಕಾರಣ ತಿಳಿಯಿರಿ

ಪ್ರಶ್ನೆ: ನನಗೆ 41 ವರ್ಷ. ತುಮಕೂರು ಜಿಲ್ಲೆಯ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ. ಎತ್ತರ 158 ಸೆಂ.ಮೀ., ತೂಕ 102 ಕೆ.ಜಿ. ಆರು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಎರಡು ಬಗೆಯ ಮಾತ್ರೆ ತೆಗೆದುಕೊಂಡರೂ, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 8.4 ಇದೆ. ಮಂಡಿನೋವಿಗೆ ಆಗಾಗ ನೋವಿನ ಮಾತ್ರೆ ನುಂಗುತ್ತೇನೆ. ಜೋರಾಗಿ ಗೊರಕೆ ಹೊಡೆಯುತ್ತೇನೆ, ನಡುನಡುವೆ ಉಸಿರು ನಿಂತಂತಾಗುತ್ತದೆ ಎಂದು ಮನೆಯವರು ಹೇಳುತ್ತಾರೆ. ಪಥ್ಯ, ನಡಿಗೆ ಎಲ್ಲ ಮಾಡಿದ್ದೇನೆ. ಇಳಿದ ತೂಕ ಪ್ರತಿ ಸಲವೂ ಮರಳಿ ಬಂದಿದೆ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ, ತೂಕ ಇಳಿಸಲು ಹೊಟ್ಟೆಯನ್ನು ಕತ್ತರಿಸಿ ಕಿರಿದು ಮಾಡುವ ಸ್ಲೀವ್ ಆಪರೇಷನ್ ಮಾಡಿಸಿಕೊಳ್ಳುವಂತೆ ಹೇಳಿದ್ದಾರೆ. ಕತ್ತರಿಸಿದ ಹೊಟ್ಟೆ ಮತ್ತೆ ಬೆಳೆಯುತ್ತದೆಯೇ? ಸಕ್ಕರೆ ಕಾಯಿಲೆ ಪೂರ್ತಿ ವಾಸಿಯಾಗುತ್ತದೆಯೇ? ಮುಂದೆ ಮುದ್ದೆ ಉಣ್ಣಬಹುದೇ? ಈಗ ಬಂದಿರುವ ತೂಕ ಇಳಿಸುವ ಇಂಜೆಕ್ಷನ್‌ನಿಂದಲೇ ಆಗುವುದಿಲ್ಲವೇ? ಕೆಲವು ವರ್ಷಗಳ ಹಿಂದೆ ಕಿರುತೆರೆ ನಟಿಯೊಬ್ಬರು ಇಂಥದ್ದೇ ಆಪರೇಷನ್ ಮಾಡಿಸಿಕೊಂಡು ತೀರಿಕೊಂಡರೆಂದು ನಮ್ಮ ಅಮ್ಮ ಬಹಳ ಹೆದರಿದ್ದಾರೆ. ಇನ್ನೊಂದು ಮಾತು: ರಾತ್ರಿ ಹುಳಿತೇಗು, ಎದೆಯುರಿ ಇರುವುದರಿಂದ ಕೆಲವು ವರ್ಷಗಳಿಂದ ಗ್ಯಾಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ.

ಉತ್ತರ: ನೀವು ಕಡೆಗೆ ಸೇರಿಸಿರುವ ಹುಳಿತೇಗಿನ ಮಾತನ್ನೇ ನಾನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ. ನಿಮಗೆ ಶಸ್ತ್ರಚಿಕಿತ್ಸೆ ಬೇಕೇ ಎಂಬ ಪ್ರಶ್ನೆಗೆ ಉತ್ತರ ಅಷ್ಟು ಕಷ್ಟದ್ದಲ್ಲ. ಆದರೆ ಆ ಶಸ್ತ್ರಚಿಕಿತ್ಸೆ ಸ್ಲೀವ್ ಆಗಬೇಕೇ ಅಥವಾ ಬೇರೊಂದೇ ಎಂಬುದು ಬಹುಮಟ್ಟಿಗೆ ಆ ಎದೆಯುರಿಯ ಮೂಲ ಏನೆಂಬುದರ ಮೇಲೆ ನಿಂತಿದೆ. ಅದನ್ನು ವಿವರಿಸುವ ಮೊದಲು ಈ ಶಸ್ತ್ರಚಿಕಿತ್ಸೆಯಲ್ಲಿ ಏನು ಮಾಡುತ್ತಾರೆಂದು ತಿಳಿಸುತ್ತೇನೆ.

ಮೊದಲು ಅಮ್ಮನವರ ಭಯದ ವಿಚಾರ. 2022ರಲ್ಲಿ ಬೆಂಗಳೂರಿನಲ್ಲಿ ಯುವ ನಟಿಯೊಬ್ಬರು ತೀರಿಕೊಂಡದ್ದು ದೇಹದ ಕೊಬ್ಬು ತೆಗೆಯುವ ಸೌಂದರ್ಯ ಚಿಕಿತ್ಸೆಯ ಸಂದರ್ಭದಲ್ಲಿ ಎಂದು ಆಗ ವರದಿಯಾಗಿತ್ತು. ಅಂಥ ಚಿಕಿತ್ಸೆಯಲ್ಲಿ ಚರ್ಮದ ಕೆಳಗಿನ ಕೊಬ್ಬನ್ನು ತೆಗೆಯುತ್ತಾರೆ. ಅದು ಆಕಾರ ತಿದ್ದುವ ಚಿಕಿತ್ಸೆ. ಸಕ್ಕರೆ ಕಾಯಿಲೆಗಾಗಲಿ, ಹಸಿವಿಗಾಗಲಿ ಅದರಿಂದ ಪ್ರಯೋಜನವಿಲ್ಲ. ಸ್ಲೀವ್‌ನಲ್ಲಿ ಕೊಬ್ಬನ್ನು ಮುಟ್ಟುವುದೇ ಇಲ್ಲ, ಜಠರವನ್ನು ಕಿರಿದು ಮಾಡುತ್ತಾರೆ. ಎರಡರ ಉದ್ದೇಶವೂ ಬೇರೆ, ಅಪಾಯಗಳೂ ಬೇರೆ.

ಸ್ಲೀವ್ ಮಾಡುವಾಗ ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ರಂಧ್ರಗಳನ್ನು ಮಾಡಿ, ಅವುಗಳ ಮೂಲಕ ಲ್ಯಾಪರೊಸ್ಕೋಪ್ ಕ್ಯಾಮೆರಾ ಮತ್ತು ಉಪಕರಣಗಳನ್ನು ಇಳಿಸುತ್ತಾರೆ. ಬಾಯಿಯ ಮೂಲಕ ಜಠರದೊಳಗೆ ಒಂದು ಅಳತೆಯ ಕೊಳವೆಯನ್ನು ಹಾಕಿ, ಅದನ್ನು ಆಧಾರವಾಗಿಟ್ಟುಕೊಂಡು, ಕತ್ತರಿಸುತ್ತಲೇ ಹೊಲಿಯುತ್ತ ಹೋಗುವ ಸ್ಟೇಪ್ಲರ್‌ನಿಂದ ಜಠರವನ್ನು ಉದ್ದಕ್ಕೆ ಬೇರ್ಪಡಿಸುತ್ತಾರೆ. ಎಡಬದಿಯ ಉಬ್ಬಿದ ಭಾಗ, ಅಂದರೆ ಇಡೀ ಜಠರದ ಸುಮಾರು ಶೇ. 75ರಿಂದ 80ರಷ್ಟು, ಹೊರಗೆ ಬರುತ್ತದೆ. ಬಾಳೆಹಣ್ಣಿನ ಆಕಾರದ, ನೂರು ನೂರೈವತ್ತು ಮಿಲಿಲೀಟರ್ ಹಿಡಿಯುವ ನಳಿಕೆಯೊಂದು ಒಳಗೆ ಉಳಿಯುತ್ತದೆ. ಕರುಳಿನ ದಾರಿಯನ್ನು ಬದಲಿಸುವುದಿಲ್ಲ. ಸಾಮಾನ್ಯವಾಗಿ ಒಂದೆರಡು ಗಂಟೆಯ ಕೆಲಸ, ಎರಡು ಮೂರು ದಿನ ಆಸ್ಪತ್ರೆ ವಾಸ. ತೆಗೆದ ಭಾಗ ಮತ್ತೆ ಬೆಳೆಯುವುದಿಲ್ಲ. ಉಳಿದ ನಳಿಕೆ ವರ್ಷಗಳು ಕಳೆದಂತೆ ತುಸು ಹಿಗ್ಗಬಹುದು. ಮನಸ್ಸು ಬದಲಾಯಿಸಿ ಹಿಂದಿನ ಹೊಟ್ಟೆಯನ್ನೇ ಪಡೆಯುವ ದಾರಿ ಇದರಲ್ಲಿ ಇಲ್ಲವೆಂಬುದನ್ನು ಸ್ಪಷ್ಟವಾಗಿ ತಿಳಿದುಕೊಂಡೇ ಸಹಿ ಹಾಕಬೇಕು.

ಈ ಶಸ್ತ್ರಚಿಕಿತ್ಸೆ ಹುಟ್ಟಿಕೊಂಡದ್ದು ಒಂದು ದೊಡ್ಡ ಶಸ್ತ್ರಚಿಕಿತ್ಸೆಯ ಮೊದಲ ಭಾಗವಾಗಿ. ಅತಿ ಹೆಚ್ಚು ತೂಕದವರಿಗೆ ಜಠರ, ಕರುಳು ಎರಡನ್ನೂ ಒಂದೇ ಸಲ ಬದಲಿಸುವುದು ಅಪಾಯಕರವಾಗಿದ್ದುದರಿಂದ, ಸುಮಾರು 2000ದ ಹೊತ್ತಿಗೆ ಅಮೆರಿಕದಲ್ಲಿ ಮಿಶೆಲ್ ಗಾನ್ಯೆ ಮತ್ತಿತರರು ಮೊದಲು ಜಠರವನ್ನಷ್ಟೇ ಕಿರಿದು ಮಾಡಿ, ತೂಕ ಇಳಿದ ಮೇಲೆ ಕರುಳಿನ ಭಾಗವನ್ನು ಮಾಡುವ ಕ್ರಮ ತಂದರು. ಮೊದಲ ಹಂತದಲ್ಲೇ ಅನೇಕರ ತೂಕ ಸಾಕಷ್ಟು ಇಳಿದು, ಎರಡನೆಯ ಹಂತ ಬೇಕಾಗಲೇ ಇಲ್ಲ. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ನಡೆಯುವ ತೂಕ ಇಳಿಕೆಯ ಶಸ್ತ್ರಚಿಕಿತ್ಸೆ ಇದೇ.

ಹೊಟ್ಟೆ ಚಿಕ್ಕದಾದದ್ದರಿಂದ ಮಾತ್ರ ತೂಕ ಇಳಿಯುತ್ತದೆಂದು ಭಾವಿಸಿದರೆ ಅರ್ಧ ಮಾತ್ರ ತಿಳಿದಂತೆ. ತೆಗೆದುಹಾಕುವ ಮೇಲ್ಭಾಗದಲ್ಲಿಯೇ ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನಿನ ಬಹುಪಾಲು ತಯಾರಾಗುತ್ತದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಗುರುತಿಸಿದರು. ಆ ಭಾಗ ಹೋದಾಗ ರಕ್ತದಲ್ಲಿ ಗ್ರೆಲಿನ್ ತಗ್ಗುತ್ತದೆ. ಜೊತೆಗೆ, ಕಿರಿದಾದ ನಳಿಕೆಯಿಂದ ಆಹಾರ ಬೇಗ ಸಣ್ಣ ಕರುಳಿಗೆ ಇಳಿಯುವುದರಿಂದ ಜಿಎಲ್‌ಪಿ-1 ಮುಂತಾದ, ಊಟ ಸಾಕೆನಿಸುವ ಮತ್ತು ಇನ್ಸುಲಿನ್‌ಗೆ ನೆರವಾಗುವ ಹಾರ್ಮೋನುಗಳು ಊಟದ ನಂತರ ಹೆಚ್ಚಾಗಿ ಬಿಡುಗಡೆಯಾಗುತ್ತವೆ. ಪಥ್ಯ ಮಾಡಿದಾಗಲೆಲ್ಲ ದೇಹ ಹಸಿವನ್ನು ಹೆಚ್ಚಿಸಿ ಕಳೆದುಹೋದ ತೂಕವನ್ನು ಮರಳಿ ಪಡೆಯಲು ಹೆಣಗುತ್ತದೆ. ನಿಮ್ಮ ತೂಕ ಪ್ರತಿ ಸಲ ಮರಳಿ ಬಂದದ್ದನ್ನು ಮನೋಬಲದ ಕೊರತೆಯೆಂದು ನಿಮಗೆ ಯಾರಾದರೂ ಹೇಳಿದ್ದರೆ ಅದನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ. ಶಸ್ತ್ರಚಿಕಿತ್ಸೆ ದೇಹದ ಈ ಪ್ರತಿರೋಧವನ್ನು ತಗ್ಗಿಸುತ್ತದೆ. ಅದರ ನಿಜವಾದ ಬೆಲೆ ಇರುವುದು ಅಲ್ಲಿ.

ನಿಮ್ಮ ಎತ್ತರ, ತೂಕಗಳಿಂದ ಲೆಕ್ಕ ಹಾಕಿದರೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) ಸುಮಾರು 41. ನಮ್ಮವರಲ್ಲಿ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುವುದರಿಂದ ಭಾರತದಲ್ಲಿ 25ನ್ನು ದಾಟಿದರೆ ಬೊಜ್ಜು ಎಂದು ಗಣಿಸುತ್ತೇವೆ. 2009ರ ಭಾರತೀಯ ತಜ್ಞರ ಒಮ್ಮತದ ಸೂಚಿಯಲ್ಲಿ ಶಸ್ತ್ರಚಿಕಿತ್ಸೆಗೆ ಹೇಳಿದ್ದ ಮಿತಿ, ಜೊತೆಕಾಯಿಲೆಗಳಿದ್ದರೆ 32.5, ಇಲ್ಲದಿದ್ದರೆ 37.5. ಅಂತಾರಾಷ್ಟ್ರೀಯ ಸಂಘಗಳ 2022ರ ಸೂಚಿಯಂತೂ ಏಷ್ಯಾದವರಿಗೆ ಈ ಮಿತಿಯನ್ನು ಇನ್ನೂ ಕೆಳಗಿಳಿಸಿದೆ. ಹತೋಟಿಗೆ ಬಾರದ ಸಕ್ಕರೆ, ನಿದ್ದೆಯಲ್ಲಿ ಉಸಿರು ನಿಲ್ಲುವ ಲಕ್ಷಣ, ಮಂಡಿನೋವು ಎಲ್ಲವೂ ಇರುವ ನಿಮಗೆ ಶಸ್ತ್ರಚಿಕಿತ್ಸೆಯನ್ನು ಸೂಚಿಸಿರುವುದು ಸರಿಯಾಗಿಯೇ ಇದೆ.

ಈಗ ಎದೆಯುರಿಯ ವಿಷಯಕ್ಕೆ ಬರುತ್ತೇನೆ. ಅನ್ನನಾಳ ಜಠರವನ್ನು ಸೇರುವಲ್ಲಿ ಆಮ್ಲ ಮೇಲೆ ಬಾರದಂತೆ ತಡೆಯುವ ಸ್ನಾಯುಗಳ ಏರ್ಪಾಡೊಂದಿದೆ. ಜಠರದ ಮೇಲ್ಭಾಗದ ಹಿಗ್ಗುವ ಚೀಲವೂ ಒಳಗಿನ ಒತ್ತಡವನ್ನು ತಗ್ಗಿಸಿ ಆ ತಡೆಗೆ ನೆರವಾಗುತ್ತದೆ. ಸ್ಲೀವ್‌ನಲ್ಲಿ ಆ ಹಿಗ್ಗುವ ಭಾಗವೇ ಹೋಗುತ್ತದೆ, ಸಂಧಿಯ ಕೋನ ಬದಲಾಗುತ್ತದೆ, ಅಲ್ಲಿನ ಕೆಲವು ಸ್ನಾಯುಎಳೆಗಳು ಸ್ಟೇಪ್ಲರ್‌ಗೆ ಸಿಕ್ಕಿ ಕತ್ತರಿಸಿಹೋಗಬಹುದು. ಉಳಿದ ಕಿರುನಳಿಕೆಯಲ್ಲಿ ಒತ್ತಡ ಹೆಚ್ಚಿರುತ್ತದೆ. ತೂಕ ಇಳಿದಾಗ ಎದೆಯುರಿ ಕಡಿಮೆಯಾಗುವವರೂ ಇದ್ದಾರೆ. ಆದರೆ ಮೊದಲೇ ಇದ್ದ ಎದೆಯುರಿ ಉಲ್ಬಣಿಸುವುದು, ಇಲ್ಲದವರಲ್ಲಿ ಹೊಸದಾಗಿ ಶುರುವಾಗುವುದು ಸ್ಲೀವ್‌ನ ಚಿರಪರಿಚಿತ ದೌರ್ಬಲ್ಯ. ಫಿನ್ಲೆಂಡಿನ ಮೂರು ಆಸ್ಪತ್ರೆಗಳಲ್ಲಿ 240 ಮಂದಿಯನ್ನು ಸ್ಲೀವ್ ಮತ್ತು ಬೈಪಾಸ್ (ಆಹಾರ ಜಠರದ ಬಹುಭಾಗವನ್ನು ಬಳಸಿಕೊಂಡು ಹೋಗದೆ ನೇರ ಸಣ್ಣ ಕರುಳಿಗೆ ಇಳಿಯುವಂತೆ ಮಾಡುವ ಶಸ್ತ್ರಚಿಕಿತ್ಸೆ) ಎಂಬ ಎರಡು ಗುಂಪುಗಳಿಗೆ ಹಂಚಿ ನಡೆಸಿದ ಸ್ಲೀವ್‌ಪಾಸ್ ಅಧ್ಯಯನದ ಹತ್ತು ವರ್ಷಗಳ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಬಾಯಿಯ ಮೂಲಕ ಕ್ಯಾಮೆರಾ ಕೊಳವೆ ಇಳಿಸಿ ಎಂಡೋಸ್ಕೋಪಿ ಮಾಡಿ ನೋಡಿದಾಗ ಸ್ಲೀವ್ ಆದವರಲ್ಲಿ ಶೇ. 31 ಮಂದಿಯ ಅನ್ನನಾಳದಲ್ಲಿ ಆಮ್ಲದಿಂದಾದ ಉರಿಯೂತ ಕಂಡುಬಂತು; ಬೈಪಾಸ್ ಆದವರಲ್ಲಿ ಅದು ಶೇ. 7. ಎದೆಯುರಿ ಇರುವವರೊಂದಿಗೆ ಮಾತನಾಡುವಾಗ ನಾನು ಈ ಅಂಕಿಗಳನ್ನು ಹೇಳದೆ ಬಿಡುವುದಿಲ್ಲ.

ಆದ್ದರಿಂದ ನೀವು ಮೊದಲು ಮಾಡಿಸಬೇಕಾದದ್ದು ಎಂಡೋಸ್ಕೋಪಿ. ಅನ್ನನಾಳದಲ್ಲಿ ಹುಣ್ಣು ಇದೆಯೇ, ಜಠರದ ಮೇಲ್ತುದಿ ವಪೆಯ ಮೂಲಕ ಎದೆಯೊಳಗೆ ಸರಿದಿರುವ ಹಯಾಟಸ್ ಹರ್ನಿಯಾ ಇದೆಯೇ, ಬ್ಯಾರೆಟ್ ಎಂದು ಕರೆಯುವ ಒಳಪದರದ ಬದಲಾವಣೆ ಆಗಿದೆಯೇ, ಹೆಲಿಕೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕು ಇದೆಯೇ ಎಂಬುದು ಅದರಿಂದ ತಿಳಿಯುತ್ತದೆ. ಸಂದೇಹ ಉಳಿದರೆ 24 ಗಂಟೆಗಳ ಕಾಲ ಅನ್ನನಾಳದ ಆಮ್ಲವನ್ನು ಅಳೆಯುವ ಪರೀಕ್ಷೆಯೂ ಇದೆ. ನಾವು ‘ಗ್ಯಾಸ್’ ಎನ್ನುವುದೆಲ್ಲ ಆಮ್ಲದ ಹಿಮ್ಮುಖ ಹರಿವಲ್ಲ. ಅಜೀರ್ಣವೋ ಪಿತ್ತಕೋಶದ ಕಲ್ಲೋ ಆಗಿರಬಹುದು. ಹಾಗಾಗಿದ್ದರೆ ಸ್ಲೀವ್‌ಗೆ ಅದು ಅಡ್ಡಿಯಲ್ಲ. ಆದರೆ ತೀವ್ರ ಹುಣ್ಣು ಅಥವಾ ಬ್ಯಾರೆಟ್ ಕಂಡುಬಂದರೆ ಸ್ಲೀವ್ ಬೇಡವೆಂದೇ ನನ್ನ ಸಲಹೆ. ಈ ಪರೀಕ್ಷೆ ಮಾಡದೆ ಯಾರಾದರೂ ದಿನ ನಿಗದಿ ಮಾಡಿದರೆ ಒಪ್ಪಬೇಡಿ.

ಹಾಗಾದರೆ ನೇರವಾಗಿ ಬೈಪಾಸ್ ಮಾಡಿಸಬಹುದಲ್ಲ ಎಂದು ನೀವು ಕೇಳಬಹುದು. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ.ನ ಪುಟ್ಟ ಚೀಲ ಮಾಡಿ ಅದನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ. ಉಳಿದ ಜಠರ ದೇಹದಲ್ಲೇ ಇದ್ದರೂ ಆಹಾರ ಅದರೊಳಗೆ ಹೋಗುವುದಿಲ್ಲ. ಎದೆಯುರಿಗೆ ಇದು ಒಳ್ಳೆಯ ಚಿಕಿತ್ಸೆಯೂ ಹೌದು, ಸಕ್ಕರೆಯ ಮೇಲೂ ಪರಿಣಾಮ ತುಸು ಹೆಚ್ಚು. ಆದರೆ ಕರುಳಿನ ಜೋಡಣೆಯ ಬಳಿ ಹುಣ್ಣಾಗುವ, ವರ್ಷಗಳ ನಂತರವೂ ಕರುಳು ಒಳಗೇ ಸಿಕ್ಕಿಕೊಳ್ಳುವ ಸಾಧ್ಯತೆ ಇದೆ. ಕಬ್ಬಿಣ, ಕ್ಯಾಲ್ಸಿಯಂ, ಬಿ12 ಕೊರತೆಯೂ ಹೆಚ್ಚು. ನಿಮ್ಮ ಮಂಡಿನೋವಿನ ಮಾತ್ರೆ ಇಲ್ಲಿ ತೊಡಕಾಗುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳು ಬೈಪಾಸ್ ಆದವರಲ್ಲಿ ಜೋಡಣೆಯ ಹುಣ್ಣಿಗೆ ಮುಖ್ಯ ಕಾರಣ, ಅವುಗಳನ್ನು ಬಿಡಲೇಬೇಕು. ತೂಕ ಇಳಿದಂತೆ ಮಂಡಿನೋವು ತಗ್ಗುವುದರಿಂದ ಅನೇಕರಿಗೆ ಬಿಡಲು ಸಾಧ್ಯವಾಗುತ್ತದೆ. ಹೀಗೆ ಒಂದು ಕಡೆ ಎದೆಯುರಿ, ಇನ್ನೊಂದು ಕಡೆ ನೋವಿನ ಮಾತ್ರೆ ಇರುವಾಗ ಯಾವುದು ಸುಲಭ ಎಂಬುದನ್ನು ನೋಡಿ ಆಯ್ಕೆ ಮಾಡುವಂತಿಲ್ಲ. ಎಂಡೋಸ್ಕೋಪಿಯಲ್ಲಿ ಆಮ್ಲದ ಹಾನಿ ನಿಜವೆಂದು ಕಂಡರೆ ಬೈಪಾಸ್ ಕಡೆಗೇ ನನ್ನ ಒಲವು. ಸ್ಲೀವ್ ಆದ ಮೇಲೆ ಎದೆಯುರಿ ತಾಳಲಾರದೆ ಬೈಪಾಸ್‌ಗೆ ಬದಲಿಸಿಕೊಳ್ಳುವವರೂ ಇದ್ದಾರೆ. ತಪ್ಪಿಸಬಹುದಾದ ಎರಡನೆಯ ಶಸ್ತ್ರಚಿಕಿತ್ಸೆಯನ್ನು ಮೊದಲೇ ತಪ್ಪಿಸುವುದು ಲೇಸು.

ಸಕ್ಕರೆ ಕಾಯಿಲೆಯ ಬಗ್ಗೆ ಕೇಳಿದ್ದೀರಿ. ಕಾಯಿಲೆ ಬಂದು ಕೆಲವೇ ವರ್ಷಗಳಾಗಿದ್ದು, ಇನ್ನೂ ಇನ್ಸುಲಿನ್ ಬೇಕಾಗಿಲ್ಲದವರಲ್ಲಿ ಫಲಿತಾಂಶ ಚೆನ್ನಾಗಿರುತ್ತದೆ. ನೀವು ಆ ಗುಂಪಿಗೆ ಸೇರುತ್ತೀರಿ. ಆದರೂ ‘ವಾಸಿ’ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್‌ನಲ್ಲಿ 150 ಮಂದಿಯ ಮೇಲೆ ನಡೆದ ಸ್ಟ್ಯಾಂಪೀಡ್ ಅಧ್ಯಯನದಲ್ಲಿ, ಐದು ವರ್ಷಗಳ ನಂತರ ಎಚ್‌ಬಿಎ1ಸಿ 6 ಅಥವಾ ಅದಕ್ಕಿಂತ ಕಡಿಮೆ ಇದ್ದವರು ಬೈಪಾಸ್ ಗುಂಪಿನಲ್ಲಿ ಶೇ. 29, ಸ್ಲೀವ್ ಗುಂಪಿನಲ್ಲಿ ಶೇ. 23, ಬರೀ ಔಷಧಿಯ ಗುಂಪಿನಲ್ಲಿ ಶೇ. 5. ಮಾತ್ರೆ ಕಡಿಮೆಯಾಗುವುದು, ಹತೋಟಿ ಸುಧಾರಿಸುವುದು ಬಹುಪಾಲು ಜನರಿಗೆ ಸಿಗುವ ಲಾಭ. ಪೂರ್ಣ ಶಮನ ಕೆಲವರಿಗೆ ಮಾತ್ರ, ಅವರಲ್ಲೂ ಕೆಲವರಿಗೆ ಕಾಯಿಲೆ ಮರಳುತ್ತದೆ. ಸಕ್ಕರೆ ಸರಿಹೋಯಿತೆಂದು ವರ್ಷಕ್ಕೊಮ್ಮೆಯ ಕಣ್ಣಿನ ಹಾಗೂ ಮೂತ್ರಪಿಂಡದ ತಪಾಸಣೆಯನ್ನು ಬಿಡಬಾರದು. ಶಸ್ತ್ರಚಿಕಿತ್ಸೆಯಾದ ದಿನಗಳಲ್ಲೇ ಸಕ್ಕರೆ ಇಳಿಯತೊಡಗುವುದರಿಂದ ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನು ಹಿಂದಿನಂತೆಯೇ ನುಂಗುತ್ತಿದ್ದರೆ ಸಕ್ಕರೆ ಅಪಾಯಕರವಾಗಿ ಕೆಳಗಿಳಿಯಬಹುದು. ಡಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳನ್ನಂತೂ ಶಸ್ತ್ರಚಿಕಿತ್ಸೆಗೆ ಕೆಲವು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ನಿಮ್ಮ ಮಾತ್ರೆಗಳ ಹೆಸರು ಬರೆದ ಚೀಟಿಯನ್ನು ಶಸ್ತ್ರಚಿಕಿತ್ಸಕರಿಗೂ ಅರಿವಳಿಕೆ ವೈದ್ಯರಿಗೂ ತೋರಿಸಿ.

ತೂಕದ ವಿಚಾರದಲ್ಲಿ ನಿರೀಕ್ಷೆ ವಾಸ್ತವಕ್ಕೆ ಹತ್ತಿರವಿರಲಿ. ಒಂದು ಒಂದೂವರೆ ವರ್ಷದಲ್ಲಿ ದೇಹತೂಕದ ಕಾಲು ಭಾಗ ಅಥವಾ ಅದಕ್ಕಿಂತ ತುಸು ಹೆಚ್ಚು ಇಳಿಯುವುದು ಸಾಮಾನ್ಯ. ನಿಮ್ಮ ಮಟ್ಟಿಗೆ ಅದು 25ರಿಂದ 30 ಕೆ.ಜಿ. ಅನಂತರ ಇಳಿಕೆ ನಿಂತು, ಕೆಲವು ಕಿಲೋ ಮರಳಿ ಬರುವುದು ಸಹಜ. ಮೇಲೆ ಹೇಳಿದ ಫಿನ್ಲೆಂಡಿನ ಅಧ್ಯಯನದಲ್ಲಿ ಹತ್ತು ವರ್ಷಗಳ ನಂತರ ಸ್ಲೀವ್ ಗುಂಪಿನವರಲ್ಲಿ ಉಳಿದ ಇಳಿಕೆ ಹೆಚ್ಚುವರಿ ತೂಕದ ಶೇ. 43.5, ಬೈಪಾಸ್ ಗುಂಪಿನಲ್ಲಿ ಶೇ. 50.7. ನಿಮ್ಮ ಹೆಚ್ಚುವರಿ ತೂಕ ಸುಮಾರು 40 ಕೆ.ಜಿ. ಎಂದುಕೊಂಡರೆ ಅದು 17ರಿಂದ 20 ಕೆ.ಜಿ. ಆಗುತ್ತದೆ. ಜಾಹೀರಾತಿನ ಚಿತ್ರಗಳಿಗೆ ಹೋಲಿಸಿದರೆ ಇದು ಕಡಿಮೆ ಎನಿಸಬಹುದು. ಆದರೆ ಹತ್ತು ವರ್ಷ ಉಳಿಯುವ 20 ಕೆ.ಜಿ. ಇಳಿಕೆ ಮಂಡಿಗೆ, ಹೃದಯಕ್ಕೆ, ನಿದ್ದೆಗೆ ಬಹಳ ದೊಡ್ಡದು.

ಇಂಜೆಕ್ಷನ್ ನಿಜಕ್ಕೂ ಒಂದು ಆಯ್ಕೆಯೇ. ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ, ತೂಕಕ್ಕೆಂದೇ ಕೊಡುವ ಸೆಮಾಗ್ಲುಟೈಡ್ ಅದೇ ವರ್ಷದ ಜೂನ್‌ನಲ್ಲಿ ಭಾರತಕ್ಕೆ ಬಂದವು. ಮುಖ್ಯ ಪ್ರಯೋಗಗಳಲ್ಲಿ ಸೆಮಾಗ್ಲುಟೈಡ್‌ನಿಂದ ಸರಾಸರಿ ಶೇ. 15ರಷ್ಟು, ಟಿರ್ಜೆಪಟೈಡ್‌ನ ಗರಿಷ್ಠ ಪ್ರಮಾಣದಲ್ಲಿ ಶೇ. 21ರ ಸಮೀಪ ತೂಕ ಇಳಿಯಿತು. ಆ ಪ್ರಯೋಗಗಳಲ್ಲಿದ್ದವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಅದಿರುವವರಲ್ಲಿ ಇಳಿಕೆ ಕಡಿಮೆ. ಸೆಮಾಗ್ಲುಟೈಡ್ ನಿಲ್ಲಿಸಿದವರಿಗೆ ಒಂದು ವರ್ಷದೊಳಗೆ ಇಳಿದ ತೂಕದ ಮೂರನೇ ಎರಡು ಭಾಗ ಮರಳಿ ಬಂದಿತ್ತು. ಆದ್ದರಿಂದ ವರ್ಷಗಟ್ಟಲೆ ತೆಗೆದುಕೊಳ್ಳಲು ಕೈಯಲ್ಲಿ ಆಗುತ್ತದೆಯೇ ಎಂಬ ಲೆಕ್ಕ ಮೊದಲು ಹಾಕಬೇಕು. ನೀವು ಇನ್ನೂ ಪ್ರಯತ್ನಿಸಿಲ್ಲವಾದರೆ ಆರು ತಿಂಗಳು ಪ್ರಯತ್ನಿಸಿ ನೋಡುವುದರಲ್ಲಿ ತಪ್ಪಿಲ್ಲ. ಎದೆಯುರಿಯವರಿಗೆ ಅದು ಕೆಲವೊಮ್ಮೆ ಹುಳಿತೇಗನ್ನು ಹೆಚ್ಚಿಸುವುದೂ ಉಂಟು.

ಮುದ್ದೆಯ ಪ್ರಶ್ನೆಯನ್ನು ನೀವು ಕೇಳಿದ್ದು ನನಗೆ ಸಂತೋಷ, ಏಕೆಂದರೆ ಮುದ್ರಿತ ಪಥ್ಯಪಟ್ಟಿಗಳಲ್ಲಿ ಅದಕ್ಕೆ ಉತ್ತರ ಸಿಗುವುದಿಲ್ಲ. ಶಸ್ತ್ರಚಿಕಿತ್ಸೆಯಾದ ಮೊದಲ ಎರಡು ವಾರ ದ್ರವಾಹಾರ ಮಾತ್ರ: ತಿಳಿಸಾರು, ಮಜ್ಜಿಗೆ, ಬೇಳೆಕಟ್ಟು, ಪ್ರೋಟೀನ್ ಪುಡಿ ಬೆರೆಸಿದ ಹಾಲು. ಆಮೇಲೆ ಎರಡು ವಾರ ನುಣ್ಣಗೆ ಮಸೆದದ್ದು, ಅನಂತರ ಮೆತ್ತನೆಯದು. ಆರರಿಂದ ಎಂಟು ವಾರಗಳ ಹೊತ್ತಿಗೆ ಮನೆಯ ಊಟ, ಆದರೆ ಕಾಲು ಭಾಗದಷ್ಟು. ನಿಮ್ಮ ಆಸ್ಪತ್ರೆಯ ಕ್ರಮ ದಿನಗಳಲ್ಲಿ ತುಸು ಬೇರೆಯಿರಬಹುದು. ನಮ್ಮಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ತುತ್ತನ್ನು ಹಾಗೆಯೇ ನುಂಗುತ್ತೇವೆ. ಸ್ಲೀವ್‌ನ ಕಿರಿದಾದ ನಳಿಕೆಯಲ್ಲಿ ಅಂಥ ತುತ್ತು ಸಿಕ್ಕಿಕೊಂಡು ಎದೆ ಬಿಗಿದು ವಾಂತಿಯಾಗುತ್ತದೆ. ಎರಡು ತಿಂಗಳ ನಂತರ, ಮೆತ್ತಗೆ ತೊಳಸಿದ ಮುದ್ದೆಯನ್ನು ಕಡಲೆಬೀಜದಷ್ಟು ಚೂರು ಮಾಡಿ, ಸೊಪ್ಪಿನ ಅಥವಾ ಕಾಳಿನ ಗಟ್ಟಿ ಪಲ್ಯದ ಜೊತೆ ನಿಧಾನವಾಗಿ ಅಗಿದು ತಿನ್ನಬಹುದು. ನುಂಗುವ ಅಭ್ಯಾಸವನ್ನು ಮಾತ್ರ ಬಿಡಲೇಬೇಕು. ಊಟದ ಜೊತೆ ನೀರು ಕುಡಿಯುವುದನ್ನೂ ಬಿಡಿ; ಊಟವಾಗಿ ಅರ್ಧ ಗಂಟೆಯ ನಂತರ ಗುಟುಕು ಗುಟುಕಾಗಿ ಕುಡಿಯಿರಿ.

ಆದರೆ ರಾಗಿ ಹೊಟ್ಟೆಯಲ್ಲಿ ಹಿಡಿಯುವ ಜಾಗಕ್ಕೆ ತಕ್ಕಷ್ಟು ಪ್ರೋಟೀನ್ ಕೊಡುವುದಿಲ್ಲ, ಅನ್ನವಂತೂ ಇನ್ನೂ ಕಡಿಮೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಸಿಗದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗಿ ಸುಸ್ತು ಕಾಡುತ್ತದೆ. ಮೂರರಿಂದ ಆರು ತಿಂಗಳಲ್ಲಿ ಕೂದಲು ಉದುರುವುದೂ ಹೆಚ್ಚಾಗಬಹುದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿಯೂ ಅಷ್ಟೇ, 100 ಗ್ರಾಂ ಪನೀರ್‌ನಲ್ಲಿ 18ರ ಆಸುಪಾಸು. ಸಸ್ಯಾಹಾರಿಗಳಿಗೆ ಪ್ರೋಟೀನ್ ಪುಡಿಯಿಲ್ಲದೆ ಮೊದಲ ತಿಂಗಳುಗಳಲ್ಲಿ ಈ ಲೆಕ್ಕ ತುಂಬುವುದು ಬಹಳ ಕಷ್ಟ. ತಟ್ಟೆಯಲ್ಲಿ ಮೊದಲು ಕಾಳು, ಮೊಟ್ಟೆ ಅಥವಾ ಪನೀರ್, ಆಮೇಲೆ ತರಕಾರಿ, ಕೊನೆಗೆ ಮುದ್ದೆಯೋ ಅನ್ನವೋ ಎಂಬ ಕ್ರಮ ಜೀವಮಾನವಿಡೀ ಇರಲಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳೂ ವರ್ಷಕ್ಕೊಮ್ಮೆ ರಕ್ತಪರೀಕ್ಷೆಯೂ ಜೀವನಪರ್ಯಂತ ಬೇಕು. ಒಂದು ಎಚ್ಚರಿಕೆ ಅಮ್ಮನವರಿಗೂ ತಿಳಿದಿರಲಿ: ಶಸ್ತ್ರಚಿಕಿತ್ಸೆಯ ನಂತರ ಎರಡು ಮೂರು ದಿನ ಬಿಡದೆ ವಾಂತಿಯಾದರೆ ‘ಹೊಸ ಹೊಟ್ಟೆ, ಹೊಂದಿಕೊಳ್ಳುತ್ತದೆ’ ಎಂದು ಸುಮ್ಮನಿರಬಾರದು. ವಿಟಮಿನ್ ಬಿ1 ಬರಿದಾಗಿ ನಡಿಗೆ ತಪ್ಪುವುದು, ಕಣ್ಣು ಮಂಜಾಗುವುದು, ಗೊಂದಲ ಶುರುವಾದರೆ ಮೆದುಳಿಗೆ ಶಾಶ್ವತ ಹಾನಿಯಾಗಬಹುದು. ಅಂಥವರಿಗೆ ಗ್ಲೂಕೋಸ್ ಬಾಟಲಿ ಏರಿಸುವ ಮೊದಲು ಬಿ1 ಚುಚ್ಚುಮದ್ದು ಕೊಡಬೇಕು.

ವಿಮೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಿಮಾ ನಿಯಂತ್ರಣ ಪ್ರಾಧಿಕಾರದ ಮಾದರಿ ನಿಯಮದಂತೆ ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ 35ರ ಜೊತೆ ಹೃದ್ರೋಗ, ತೀವ್ರ ನಿದ್ರಾ ಉಸಿರುಕಟ್ಟುವಿಕೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥವು ಇದ್ದು, ಇತರ ಚಿಕಿತ್ಸೆಗಳು ಫಲಿಸದಿದ್ದರೆ ಮಾತ್ರ ವೆಚ್ಚ ಭರಿಸುವ ಅವಕಾಶವಿದೆ. ನೀವು ಈಗ ಆ ಮಿತಿಯೊಳಗೆ ಇದ್ದೀರಿ. ನಿಮ್ಮ ಪಾಲಿಸಿಯ ಕಾಯುವ ಅವಧಿಯನ್ನು ನೋಡಿಕೊಂಡು, ಹಿಂದಿನ ಪಥ್ಯ ಮತ್ತು ಚಿಕಿತ್ಸೆಗಳ ದಾಖಲೆಗಳನ್ನು ಒಟ್ಟುಮಾಡಿ.

ನಿಮ್ಮ ಗೊರಕೆಗೆ ನಿದ್ರಾ ಪರೀಕ್ಷೆ ಮಾಡಿಸಿ. ಉಸಿರು ನಿಲ್ಲುವುದು ಖಚಿತವಾದರೆ ಶಸ್ತ್ರಚಿಕಿತ್ಸೆಗೆ ಮೊದಲೇ, ನಿದ್ದೆಯಲ್ಲಿ ಗಾಳಿಯ ಒತ್ತಡದಿಂದ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಬಳಸಿ ರೂಢಿ ಮಾಡಿಕೊಂಡು, ಆಸ್ಪತ್ರೆಗೂ ಅದನ್ನು ಕೊಂಡೊಯ್ಯಬೇಕು. ಅರಿವಳಿಕೆಯ ನಂತರದ ಮೊದಲ ರಾತ್ರಿ ಇದು ಬಹಳ ಮುಖ್ಯ. ಯಕೃತ್ತಿನ ಕೊಬ್ಬು ತಗ್ಗಿಸಲು ಎರಡು ವಾರ ಮೊದಲಿಂದ ಕೊಡುವ ಕಡಿಮೆ ಕ್ಯಾಲೊರಿ ಪಥ್ಯವನ್ನೂ ತಪ್ಪಿಸಬೇಡಿ.

ಅಪಾಯದ ಪ್ರಮಾಣ ಹೇಳುವುದಾದರೆ, ಅನುಭವವಿರುವ ಕೇಂದ್ರಗಳಲ್ಲಿ ಸಾವಿನ ಸಂಭವ ಸಾವಿರಕ್ಕೆ ಒಂದರ ಆಸುಪಾಸು. ರಕ್ತಸ್ರಾವ, ಕಾಲಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗುವುದು, ನಳಿಕೆ ಕಿರಿದಾಗುವುದು ಇತರ ತೊಂದರೆಗಳು. ಎಲ್ಲಕ್ಕಿಂತ ಭಯಪಡಬೇಕಾದದ್ದು ಹೊಲಿಗೆಯ ಸಾಲಿನಿಂದ ಸೋರಿಕೆ. ನೂರಕ್ಕೆ ಒಬ್ಬಿಬ್ಬರಲ್ಲಿ ಇದು ಆಗುತ್ತದೆ, ಹೆಚ್ಚಾಗಿ ನಳಿಕೆಯ ಮೇಲ್ತುದಿಯಲ್ಲಿ. ಆಸ್ಪತ್ರೆಯಿಂದ ಮನೆಗೆ ಹೋದ ಮೇಲೂ, ಮೊದಲ ಎರಡು ವಾರಗಳಲ್ಲಿ ಕಾಣಿಸಿಕೊಳ್ಳಬಹುದಾದ್ದರಿಂದ ಅದರ ಲಕ್ಷಣಗಳು ಮನೆಯವರೆಲ್ಲರಿಗೂ ತಿಳಿದಿರಬೇಕು. ಸುಮ್ಮನೆ ಮಲಗಿದ್ದಾಗಲೂ ನಾಡಿ ನಿಮಿಷಕ್ಕೆ 120 ದಾಟಿದರೆ, ಜ್ವರ ಬಂದರೆ, ಹೊಟ್ಟೆಯ ಮೇಲ್ಭಾಗ ಅಥವಾ ಎಡಭುಜ ನೋಯತೊಡಗಿದರೆ, ಉಸಿರಾಟ ಕಷ್ಟವಾದರೆ ಬೆಳಗಾಗುವವರೆಗೆ ಕಾಯದೆ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೇ ಹೊರಡಬೇಕು. ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ಗ್ಯಾಸ್ ಇಂಜೆಕ್ಷನ್ ಕೊಟ್ಟು ಕಳುಹಿಸಿದರೆ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ. ಸಹಿ ಹಾಕುವ ಮೊದಲೇ ಆಸ್ಪತ್ರೆಯವರನ್ನು ಎರಡು ವಿಷಯ ಕೇಳಿ: ಇಂಥ ರಾತ್ರಿ ನಾವು ಯಾವ ನಂಬರಿಗೆ ಫೋನ್ ಮಾಡಬೇಕು, ಸೋರಿಕೆಯಾದರೆ ಸಿ.ಟಿ. ಸ್ಕ್ಯಾನ್, ಎಂಡೋಸ್ಕೋಪಿ, ತೀವ್ರ ನಿಗಾ ಘಟಕ ಮೂರೂ ಅದೇ ಕಟ್ಟಡದಲ್ಲಿ ಇಪ್ಪತ್ನಾಲ್ಕು ಗಂಟೆಯೂ ಇವೆಯೇ? ಇವಕ್ಕೆ ನೇರವಾದ ಉತ್ತರ ಸಿಗದಿದ್ದರೆ ಬೇರೆ ಆಸ್ಪತ್ರೆ ನೋಡಿ. ಬೆಂಗಳೂರಿನಲ್ಲಿ ಬಂಧುಗಳ ಮನೆಯಿದ್ದರೆ ಮೊದಲ ಹತ್ತು ಹದಿನೈದು ದಿನ ಅಲ್ಲಿಯೇ ಉಳಿದುಕೊಳ್ಳಿ.